‘ಟೈಮ್ ಮಷೀನ್‌ನಲ್ಲಿ ಕೂತರೆ 60 ಹೋಗಿ 25 ಆಗುತ್ತದೆ’: ಫಾರ್ವರ್ಡ್‌ನಲ್ಲಿದ್ದ ಆ ನೀಲಿ ಪೆಟ್ಟಿಗೆ ನಿಜಕ್ಕೂ ಏನು?

ಸಿದ್ದಾಪುರದಲ್ಲಿ, ಲಾಲ್‌ಬಾಗ್‌ನಿಂದ ನಾಲ್ಕು ರಸ್ತೆ ಆಚೆ ನಮ್ಮ ಮನೆ. ಕೆಳಗೆ ದೊಡ್ಡಮ್ಮ, ಎರಡನೇ ಮಹಡಿಯಲ್ಲಿ ನಾವು. ಮಂಡಿನೋವಿನಿಂದಾಗಿ ದೊಡ್ಡಮ್ಮ ಮೆಟ್ಟಿಲು ಹತ್ತುವುದೇ ಅಪರೂಪ. ಕಳೆದ ತಿಂಗಳು ಒಂದು ಸಂಜೆ ಏದುಸಿರು ಬಿಡುತ್ತಾ ಮೇಲೆ ಬಂದರು. ಕೈಯಲ್ಲಿ ಫೋನು.

“ನೋಡೇ ಪುಟ್ಟಿ, ನಿನ್ನ ಡಾಕ್ಟರ್ ಪೆಟ್ಟಿಗೆ ಬೆಂಗಳೂರಿಗೂ ಬಂದಿದೆಯಂತೆ!”

ಫ್ಯಾಮಿಲಿ ಗ್ರೂಪಿನಲ್ಲಿ ಬಂದಿದ್ದ ಚಿಕ್ಕ ವಿಡಿಯೊ. ಇಸ್ರೇಲ್ ವಿಜ್ಞಾನಿಗಳು ಟೈಮ್ ಮಷೀನ್ ಕಂಡುಹಿಡಿದಿದ್ದಾರೆ, ಅದರೊಳಗೆ ಕೂತು ಆಮ್ಲಜನಕ ಉಸಿರಾಡಿದರೆ ದೇಹದ ಗಡಿಯಾರ ಹಿಂದಕ್ಕೆ ತಿರುಗುತ್ತದೆ, 60 ವರ್ಷದವರು 25ರವರಂತೆ ಆಗುತ್ತಾರೆ, ಮಂಡಿನೋವು, ಬಿಳಿಕೂದಲು ಎಲ್ಲ ಮಾಯ, ಮೊದಲ ನೂರು ಮಂದಿಗೆ ಮಾತ್ರ ರಿಯಾಯಿತಿ. ಹಿನ್ನೆಲೆಯಲ್ಲಿ ನೀಲಿ ಬಣ್ಣದ ಒಂದು ಪೆಟ್ಟಿಗೆಯ ಚಿತ್ರ. ದೊಡ್ಡಮ್ಮ ನಂಬಿದ್ದು ಆ ಪೆಟ್ಟಿಗೆಯನ್ನು. ಎಂಟನೇ ಕ್ಲಾಸಿನಿಂದ ನನ್ನ ಟೀ ಮಗ್ಗಿನ ಮೇಲೆ, ಟೀ ಶರ್ಟಿನ ಮೇಲೆ, ಕೋಣೆಯ ಗೋಡೆಯ ಮೇಲೆ ಅವರು ಅದನ್ನೇ ನೋಡಿಕೊಂಡು ಬಂದಿದ್ದಾರೆ. ‘ಓದಿದ ಹುಡುಗಿ ಇಷ್ಟು ವರ್ಷದಿಂದ ಹಚ್ಚಿಕೊಂಡಿದ್ದಾಳೆ ಅಂದಮೇಲೆ ಅದರಲ್ಲಿ ಏನೋ ಇರಬೇಕು’ ಎಂದು ಅವರ ಲೆಕ್ಕ. ಬುಕಿಂಗ್ ಎಂದು ಮೂರು ಸಾವಿರ ರೂಪಾಯಿಯನ್ನು ಆಗಲೇ ಕಳಿಸಿಯೂ ಆಗಿತ್ತು. ಉಳಿದ 45 ಸಾವಿರಕ್ಕೆ ಚೀಟಿ ಎತ್ತುವ ಯೋಚನೆ ನಡೆದಿತ್ತು.

ಇದೇ ಬಗೆಯ ಫಾರ್ವರ್ಡ್ ನಿಮಗೂ ಬಂದಿದ್ದರೆ ಮೊದಲು ಚಿಕ್ಕ ಉತ್ತರ: ವಯಸ್ಸು ಇಳಿಸುವ ಟೈಮ್ ಮಷೀನ್ ಎಲ್ಲಿಯೂ ಇಲ್ಲ. ಆ ನೀಲಿ ಪೆಟ್ಟಿಗೆ ‘ಡಾಕ್ಟರ್ ಹೂ’ ಎಂಬ ಬ್ರಿಟಿಷ್ ಟಿವಿ ಧಾರಾವಾಹಿಯದ್ದು. ಆದರೆ ‘ಕಾಲ ಎಲ್ಲ ಕಡೆ ಒಂದೇ ವೇಗದಲ್ಲಿ ಓಡುವುದಿಲ್ಲ’ ಎಂಬ ಮಾತು ನಿಜ, ನಿಮ್ಮ ಫೋನಿನ ಮ್ಯಾಪ್ ನಡೆಯುವುದೇ ಅದನ್ನು ಲೆಕ್ಕಕ್ಕೆ ತೆಗೆದುಕೊಂಡು. ಮತ್ತು ಇಸ್ರೇಲ್‌ನಲ್ಲಿ ಆಮ್ಲಜನಕದ ಅಧ್ಯಯನವೊಂದು ನಡೆದದ್ದೂ ನಿಜ. ನಿಜದ ಎರಡು ಚೂರು, ಕಥೆಯ ಒಂದು ಚೂರು ಸೇರಿಸಿ ಹೊಲಿದ ಸುಳ್ಳು ಇದು. ಒಂದೊಂದೇ ಹೊಲಿಗೆ ಬಿಚ್ಚೋಣ.

ಯಾರು ಈ ಡಾಕ್ಟರ್?

ಬೆಂಗಳೂರಿನಲ್ಲಿ ‘ನಾನು ಡಾಕ್ಟರ್ ಅಭಿಮಾನಿ’ ಅಂದರೆ ಎದುರಿನವರು ಅಣ್ಣಾವ್ರ ಯಾವ ಸಿನಿಮಾ ಇಷ್ಟ ಎಂದು ಕೇಳುತ್ತಾರೆ. ರಾಜ್‌ಕುಮಾರ್ ಅವರದ್ದಾದರೂ ಮೈಸೂರು ವಿಶ್ವವಿದ್ಯಾಲಯ ಕೊಟ್ಟ ಗೌರವ ಡಾಕ್ಟರೇಟ್. ಈ ಡಾಕ್ಟರ್‌ಗೆ ಊರೂ ಇಲ್ಲ, ನೆಟ್ಟಗೆ ಹೆಸರೂ ಇಲ್ಲ. ಬೇರೆ ಗ್ರಹದಿಂದ ಬಂದ, ನೋಡಲು ಮನುಷ್ಯನಂತೆಯೇ ಇರುವ ಅಲೆಮಾರಿ. ಪಾತ್ರದ ಹೆಸರು ಬರೀ ‘ಡಾಕ್ಟರ್’. ‘ಹೂ’ ಅನ್ನುವುದು ಉಳಿದವರು ಕೇಳುವ ಪ್ರಶ್ನೆ, ‘ಯಾರು?’ ಎಂದು. ದೊಡ್ಡಮ್ಮ ಇಷ್ಟು ವರ್ಷವೂ ಇವನನ್ನು ಔಷಧಿ ಕೊಡುವ ಡಾಕ್ಟರ್ ಎಂದೇ ತಿಳಿದಿದ್ದರಂತೆ. ನಾನು ಒಮ್ಮೆಯೂ ಬಿಡಿಸಿ ಹೇಳಿರಲಿಲ್ಲ.

ಧಾರಾವಾಹಿ ಬಿಬಿಸಿಯಲ್ಲಿ ಮೊದಲು ಪ್ರಸಾರವಾದದ್ದು 1963ರ ನವೆಂಬರ್ 23ರ ಶನಿವಾರ ಸಂಜೆ. ಹಿಂದಿನ ದಿನವಷ್ಟೇ ಅಮೆರಿಕದ ಅಧ್ಯಕ್ಷ ಕೆನಡಿಯ ಹತ್ಯೆಯಾಗಿತ್ತು. ಆ ಗದ್ದಲದಲ್ಲಿ ಬಹಳ ಮಂದಿ ನೋಡದೆ ಹೋದರು ಎಂದು ಮುಂದಿನ ವಾರ ಮೊದಲ ಸಂಚಿಕೆಯನ್ನು ಮತ್ತೊಮ್ಮೆ ತೋರಿಸಬೇಕಾಯಿತು. ಯೋಜನೆಯ ಹಿಂದಿದ್ದವರು ಬಿಬಿಸಿ ನಾಟಕ ವಿಭಾಗದ ಮುಖ್ಯಸ್ಥ, ಕೆನಡಾದ ಸಿಡ್ನಿ ನ್ಯೂಮನ್. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್‌ಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಮೊದಲ ಕಥೆಯ ನಿರ್ದೇಶಕ ವಾರಿಸ್ ಹುಸೇನ್ ನಮ್ಮ ಲಖನೌದಲ್ಲಿ ಹುಟ್ಟಿದವರು, ಆಗ ವಯಸ್ಸು 24. ಇದು ಭಾರತದ ಅಭಿಮಾನಿಗಳು ಪರಿಚಯದ ಎರಡನೇ ನಿಮಿಷದಲ್ಲೇ ಹೇಳಿಬಿಡುವ ಸಂಗತಿ, ನಾನೂ ಹೇಳಿದೆ.

ಮಕ್ಕಳಿಗೆ ಚರಿತ್ರೆ, ವಿಜ್ಞಾನ ಎರಡನ್ನೂ ಕಥೆಯ ಮೂಲಕ ದಾಟಿಸುವುದು ಮೊದಲ ಉದ್ದೇಶವಾಗಿತ್ತು. ಹಿಂದಿನ ಕಾಲಕ್ಕೆ ಹೋದರೆ ಚರಿತ್ರೆ, ಮುಂದಕ್ಕೆ ಹೋದರೆ ವಿಜ್ಞಾನ. ಹೋಗಲು ಒಂದು ವಾಹನ ಬೇಕಲ್ಲ, ಅದೇ ನೀಲಿ ಪೆಟ್ಟಿಗೆ. ಹೆಸರು ಟಾರ್ಡಿಸ್. ಆಗಿನ ಲಂಡನ್ ಬೀದಿಗಳಲ್ಲಿ ಪೊಲೀಸರಿಗೆ ಫೋನ್ ಮಾಡಲೆಂದು ಇಂಥ ಪೆಟ್ಟಿಗೆಗಳು ನಿಜವಾಗಿಯೂ ಇದ್ದವು. ಕಥೆಯ ಪ್ರಕಾರ ಟಾರ್ಡಿಸ್ ಇಳಿದ ಕಡೆಯ ಪರಿಸರಕ್ಕೆ ತಕ್ಕಂತೆ ವೇಷ ಬದಲಿಸಬೇಕು, ಆದರೆ ಯಂತ್ರ ಕೆಟ್ಟು ಪೊಲೀಸ್ ಪೆಟ್ಟಿಗೆಯ ರೂಪದಲ್ಲೇ ನಿಂತುಬಿಟ್ಟಿದೆ. ವಾರಕ್ಕೊಂದು ಹೊಸ ಸೆಟ್ ಕಟ್ಟಿಸಲು ದುಡ್ಡಿಲ್ಲದ ತಂಡಕ್ಕೆ ಇದಕ್ಕಿಂತ ಒಳ್ಳೆಯ ನೆಪ ಬೇಕೇ? ಹೊರಗಿನಿಂದ ಒಬ್ಬರು ನಿಲ್ಲುವಷ್ಟು ಜಾಗ, ಒಳಗೆ ಹೋದರೆ ಅರಮನೆಯಷ್ಟು.

1989ರಲ್ಲಿ ಧಾರಾವಾಹಿ ನಿಂತಿತು. 1996ರ ಒಂದು ಟಿವಿ ಸಿನಿಮಾ ಬಿಟ್ಟರೆ 16 ವರ್ಷ ಖಾಲಿ. 2005ರ ಮಾರ್ಚ್ 26ರಂದು ಹೊಸದಾಗಿ ಶುರುವಾಯಿತು. ನನ್ನ ವಯಸ್ಸಿನವರು ಹಿಡಿದುಕೊಂಡದ್ದು ಈ ಎರಡನೇ ಸುತ್ತನ್ನು. ಕೇಬಲ್‌ನಲ್ಲಿ ಬರುತ್ತಿದ್ದ ಒಂದು ಇಂಗ್ಲಿಷ್ ಚಾನೆಲ್‌ನಲ್ಲಿ ಒಂದು ರಾತ್ರಿ ಅರ್ಧ ಸಂಚಿಕೆ ನೋಡಿದೆ, ಕರೆಂಟ್ ಹೋಯಿತು. ಉಳಿದರ್ಧ ನೋಡಲು ಜಯನಗರದಲ್ಲಿದ್ದ ಗೆಳತಿಯ ಅಣ್ಣನ ಪೆನ್‌ಡ್ರೈವ್‌ಗಾಗಿ ಎರಡು ತಿಂಗಳು ಕಾದೆ.

‘ಯಾವ ಸಂಚಿಕೆ, ಯಾವ ತಾರೀಖು?’

ಈ ಧಾರಾವಾಹಿಯ ಅಭಿಮಾನಿಗಳಿಗೆ ಒಂದು ಚಟ ಇದೆ. ಯಾರಾದರೂ ‘ಡಾಕ್ಟರ್ ಒಮ್ಮೆ ಹೀಗೆ ಮಾಡಿದ್ದ’ ಅಂದರೆ ತಕ್ಷಣ ಯಾವ ಸಂಚಿಕೆ, ಯಾವಾಗ ಪ್ರಸಾರವಾಯಿತು, ಬರೆದವರು ಯಾರು ಎಂದು ಕೇಳುತ್ತಾರೆ. ಇದಕ್ಕೆ ಕಾರಣ ಬರೀ ಹುಚ್ಚಲ್ಲ. ಆಗಿನ ಕಾಲದಲ್ಲಿ ವಿಡಿಯೊ ಟೇಪು ದುಬಾರಿ. ಒಮ್ಮೆ ತೋರಿಸಿದ್ದನ್ನು ಮತ್ತೆ ಯಾರು ನೋಡುತ್ತಾರೆ ಎಂದು ಬಿಬಿಸಿ ಹಳೆಯ ಟೇಪುಗಳನ್ನು ಅಳಿಸಿ ಬೇರೆ ಕಾರ್ಯಕ್ರಮಕ್ಕೆ ಬಳಸಿಕೊಂಡಿತು. 1960ರ ದಶಕದ 253 ಸಂಚಿಕೆಗಳಲ್ಲಿ ನೂರರ ಹತ್ತಿರ ಸಂಚಿಕೆಗಳ ದೃಶ್ಯ ಇವತ್ತಿಗೂ ಸಿಕ್ಕಿಲ್ಲ.

ಆದರೆ ಅವುಗಳ ಧ್ವನಿ ಪೂರ್ತಿ ಉಳಿದಿದೆ, ಒಂದೂ ಬಿಡದೆ. ಉಳಿಸಿದವರು ಮನೆಮನೆಯ ಹುಡುಗರು. ಟಿವಿ ಪಕ್ಕ ಟೇಪ್ ರೆಕಾರ್ಡರ್ ಇಟ್ಟು, ಮನೆಯವರಿಗೆ ಸದ್ದು ಮಾಡಬೇಡಿ ಎಂದು ಹೇಳಿ ರೆಕಾರ್ಡ್ ಮಾಡಿಟ್ಟುಕೊಂಡಿದ್ದರು. ವಿದೇಶಗಳ ಟಿವಿ ಕೇಂದ್ರಗಳಿಗೆ ಮಾರಿದ್ದ ಫಿಲಂ ಪ್ರತಿಗಳನ್ನೂ ಹುಡುಕುತ್ತಲೇ ಇದ್ದರು. 1990ರ ದಶಕದ ಆರಂಭದಲ್ಲಿ ಹಾಂಗ್‌ಕಾಂಗ್‌ನಿಂದ ಒಂದು ಇಡೀ ಕಥೆ ಮರಳಿ ಬಂತು. 2013ರಲ್ಲಿ ನೈಜೀರಿಯಾದಿಂದ ಒಂಬತ್ತು ಸಂಚಿಕೆಗಳು. ಪ್ರತಿ ಸಲವೂ ‘ಸಿಕ್ಕಿತಂತೆ’ ಎಂಬ ಗಾಳಿಸುದ್ದಿ ಹತ್ತಾರು ಬಂದು, ಅದರಲ್ಲಿ ಒಂದು ನಿಜವಾಗುತ್ತಿತ್ತು. ‘ಅಂತೆ’ಯನ್ನು ಸೋಸುವ ಅಭ್ಯಾಸ ಅಭಿಮಾನಿಗಳಿಗೆ ಬಂದದ್ದು ಹಾಗೆ.

ಕನ್ನಡಿಗರಿಗೆ ಈ ನೋವು ಹೊಸತೇನಲ್ಲ. 1934ರ ಮಾರ್ಚ್ 3ರಂದು ಬಿಡುಗಡೆಯಾದ ನಮ್ಮ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ದ ಒಂದು ಪ್ರತಿಯೂ ಉಳಿದಿಲ್ಲ.

ದೊಡ್ಡಮ್ಮನ ಫಾರ್ವರ್ಡ್‌ಗೂ ನಾನು ಇದೇ ಪ್ರಶ್ನೆ ಹಾಕಿದೆ. ಯಾವ ವಿಜ್ಞಾನಿ? ಯಾವ ಊರಿನ ಸಂಸ್ಥೆ? ಯಾವ ತಿಂಗಳು? ವಿಡಿಯೊದಲ್ಲಿ ಒಂದಕ್ಕೂ ಉತ್ತರ ಇರಲಿಲ್ಲ. ಇದ್ದದ್ದು ಫೋನ್ ನಂಬರ್, ದುಡ್ಡು ಹಾಕಲು ಕ್ಯೂಆರ್ ಕೋಡ್.

ಕಾಲ ನಿಧಾನವಾಗುವುದು ನಿಜವೇ?

ನಿಜ. ಇಲ್ಲಿ ಧಾರಾವಾಹಿಯೇ ಒಳ್ಳೆಯ ಮೇಷ್ಟ್ರು.

2017ರ ಜೂನ್ 24ರಂದು ಪ್ರಸಾರವಾದ ‘ವರ್ಲ್ಡ್ ಇನಫ್ ಆ್ಯಂಡ್ ಟೈಮ್’ ಎಂಬ ಸಂಚಿಕೆಯಲ್ಲಿ 400 ಮೈಲಿ ಉದ್ದದ ಒಂದು ಆಕಾಶನೌಕೆ ಬ್ಲ್ಯಾಕ್ ಹೋಲ್, ಅಂದರೆ ಕಪ್ಪುಕುಳಿಯ ಅಂಚಿನಲ್ಲಿ ಸಿಕ್ಕಿಹಾಕಿಕೊಂಡಿದೆ. ನೌಕೆಯ ಒಂದು ತುದಿ ಕಪ್ಪುಕುಳಿಗೆ ಹತ್ತಿರ, ಇನ್ನೊಂದು ದೂರ. ಹತ್ತಿರದ ತುದಿಯಲ್ಲಿ ಎರಡು ದಿನ ಕಳೆಯುವಷ್ಟರಲ್ಲಿ ದೂರದ ತುದಿಯಲ್ಲಿ ಸುಮಾರು ಸಾವಿರ ವರ್ಷ ಕಳೆದಿರುತ್ತದೆ. ಇಂಜಿನ್ ನೋಡಲು ಹೋದ ಕೆಲವೇ ಸಿಬ್ಬಂದಿಯ ಮೊಮ್ಮಕ್ಕಳ ಮೊಮ್ಮಕ್ಕಳು ಅಲ್ಲಿ ಒಂದು ಊರನ್ನೇ ಕಟ್ಟಿಕೊಂಡಿದ್ದಾರೆ. ಮೇಲೆ ಡಾಕ್ಟರ್ ತನ್ನ ಸ್ನೇಹಿತೆಯನ್ನು ಉಳಿಸುವುದು ಹೇಗೆಂದು ಕೆಲವು ನಿಮಿಷ ಮಾತಾಡುತ್ತಾನೆ; ಕೆಳಗೆ ಅವಳು ವರ್ಷಗಟ್ಟಲೆ ಕಾಯುತ್ತಾಳೆ. ಮೊದಲ ಸಲ ನೋಡಿದಾಗ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಐನ್‌ಸ್ಟೈನ್ ಹೇಳಿದ್ದು ಇದನ್ನೇ: ಗುರುತ್ವ ಹೆಚ್ಚಿರುವ ಕಡೆ ಗಡಿಯಾರ ನಿಧಾನ, ಕಡಿಮೆ ಇರುವ ಕಡೆ ಚುರುಕು. ವೇಗವಾಗಿ ಓಡುವ ಗಡಿಯಾರವೂ ನಿಧಾನ. ಧಾರಾವಾಹಿಯ ದಿಕ್ಕು ಸರಿ, ಪ್ರಮಾಣ ಮಾತ್ರ ಅತಿ. ಎರಡು ದಿನಕ್ಕೆ ಸಾವಿರ ವರ್ಷದ ವ್ಯತ್ಯಾಸ ಬರಬೇಕಾದರೆ ನೌಕೆಯ ತುದಿ ಕಪ್ಪುಕುಳಿಯ ಅಂಚಿಗೆ ತಾಗಿಕೊಂಡೇ ನಿಲ್ಲಬೇಕು. ಅಲ್ಲಿನ ಎಳೆತಕ್ಕೆ ಯಾವ ಲೋಹವೂ ತಡೆಯುವುದಿಲ್ಲ.

ಭೂಮಿಯ ಮೇಲೆ ಈ ವ್ಯತ್ಯಾಸ ಎಷ್ಟು? 1971ರಲ್ಲಿ ಪರಮಾಣು ಗಡಿಯಾರಗಳನ್ನು ಪ್ರಯಾಣಿಕರ ವಿಮಾನದಲ್ಲಿಟ್ಟುಕೊಂಡು ಹೇಫೆಲ್ ಮತ್ತು ಕೀಟಿಂಗ್ ಎಂಬ ಇಬ್ಬರು ಭೂಮಿಗೆ ಸುತ್ತು ಹಾಕಿ ಅಳೆದರು. 2010ರಲ್ಲಿ ಅಮೆರಿಕದ ಪ್ರಯೋಗಾಲಯವೊಂದು ಒಂದು ಗಡಿಯಾರವನ್ನು ಇನ್ನೊಂದಕ್ಕಿಂತ 33 ಸೆಂಟಿಮೀಟರ್ ಎತ್ತರಕ್ಕಿಟ್ಟು ಅಷ್ಟರಲ್ಲೇ ವ್ಯತ್ಯಾಸ ಕಂಡಿತು. ಹಾಗಾದರೆ ನಮ್ಮ ಮನೆಯಲ್ಲೂ ಇರಲೇಬೇಕಲ್ಲ? ಎರಡನೇ ಮಹಡಿ ದೊಡ್ಡಮ್ಮನ ಮನೆಗಿಂತ ಸುಮಾರು 6 ಮೀಟರ್ ಎತ್ತರ ಎಂದುಕೊಂಡರೆ, ವರ್ಷಕ್ಕೆ ಸುಮಾರು 20 ನ್ಯಾನೊಸೆಕೆಂಡ್. ನ್ಯಾನೊಸೆಕೆಂಡ್ ಎಂದರೆ ಸೆಕೆಂಡಿನ ನೂರು ಕೋಟಿಯ ಒಂದು ಭಾಗ. ಎಪ್ಪತ್ತು ವರ್ಷ ಕೆಳಗೇ ಬಾಳಿದರೂ ದೊಡ್ಡಮ್ಮ ಉಳಿಸಿಕೊಳ್ಳುವ ಯೌವನ ಸೆಕೆಂಡಿನ ಹತ್ತು ಲಕ್ಷದ ಒಂದೂವರೆ ಭಾಗವೂ ಆಗುವುದಿಲ್ಲ. “ಅಂತೂ ನಿನಗಿಂತ ಲಾಭ ನನಗೇ” ಅಂದರು. ಮೆಟ್ಟಿಲು ಹತ್ತುವ ಕಷ್ಟವೂ ಇಲ್ಲ, ನಿಜ.

2025ರಲ್ಲಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ 18 ದಿನ ಇದ್ದರು. ನಿಲ್ದಾಣ ಸೆಕೆಂಡಿಗೆ ಏಳೂವರೆ ಕಿಲೋಮೀಟರ್‌ಗಿಂತ ಹೆಚ್ಚು ವೇಗದಲ್ಲಿ ಸುತ್ತುತ್ತದೆ. ಅಷ್ಟಾದರೂ ಅವರು ನಮಗಿಂತ ಕಡಿಮೆ ‘ಮುದುಕ’ರಾದದ್ದು ಅರ್ಧ ಮಿಲಿಸೆಕೆಂಡ್‌ಗಿಂತ ಕಡಿಮೆ. ಕಣ್ಣು ಮಿಟುಕಿಸಲು ಅದರ ನೂರಾರು ಪಟ್ಟು ಹೊತ್ತು ಬೇಕು.

ನಿಮ್ಮ ಕೈಯಲ್ಲಿರುವ ಉದಾಹರಣೆ ಇನ್ನೂ ಚೆನ್ನಾಗಿದೆ. ಫೋನಿನ ಮ್ಯಾಪ್‌ಗೆ ದಾರಿ ಹೇಳುವ ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿವೆ. ಅಲ್ಲಿ ಗುರುತ್ವ ಕಡಿಮೆಯಾದ್ದರಿಂದ ಗಡಿಯಾರ ದಿನಕ್ಕೆ 45 ಮೈಕ್ರೊಸೆಕೆಂಡ್ ಮುಂದೆ ಓಡುತ್ತದೆ. ವೇಗದಿಂದಾಗಿ 7 ಹಿಂದೆ ಬೀಳುತ್ತದೆ. ಒಟ್ಟು 38 ಮುಂದೆ. ಇದನ್ನು ಸರಿಪಡಿಸದಿದ್ದರೆ ದೂರದ ಲೆಕ್ಕ ದಿನಕ್ಕೆ ಹತ್ತು ಕಿಲೋಮೀಟರಿನಷ್ಟು ತಪ್ಪುತ್ತಾ ಹೋಗುತ್ತಿತ್ತು. ಸಿದ್ದಾಪುರಕ್ಕೆ ಬುಕ್ ಮಾಡಿದ ಆಟೊ ಹೆಬ್ಬಾಳದಲ್ಲಿ ಕಾಯುತ್ತಿತ್ತು. ಹಾಗಾಗಿ ಹಾರಿಸುವ ಮೊದಲೇ ಆ ಗಡಿಯಾರಗಳ ಬಡಿತವನ್ನು ತುಸು ನಿಧಾನ ಮಾಡಿರುತ್ತಾರೆ. ನಮ್ಮದೇ ‘ನಾವಿಕ್’ ವ್ಯವಸ್ಥೆಯ ಕೇಂದ್ರ ಬೆಂಗಳೂರಿನ ಹೊರಗೆ ಬ್ಯಾಲಾಳುವಿನಲ್ಲಿದೆ. ಅದರ ಮೊದಲ ಉಪಗ್ರಹದಲ್ಲಿ ವಿದೇಶದಿಂದ ತಂದ ಪರಮಾಣು ಗಡಿಯಾರಗಳು ಮೂರೂ ಕೈಕೊಟ್ಟಿದ್ದವು. 2023ರ ಮೇ 29ರಂದು ಹಾರಿದ ಎನ್‌ವಿಎಸ್-01ರಲ್ಲಿ ಇಸ್ರೊ ತಾನೇ ತಯಾರಿಸಿದ ರುಬಿಡಿಯಂ ಗಡಿಯಾರವನ್ನು ಕೂರಿಸಿತು. ಎಚ್‌ಎಂಟಿ ವಾಚಿನ ಊರಿಗೆ ಇದು ಸಣ್ಣ ಸಮಾಧಾನ.

ಕಪ್ಪುಕುಳಿಯ ಮಾತು ಬಂದಾಗ ಬೆಂಗಳೂರಿನವರು ನೆನೆಯಬೇಕಾದ ಹೆಸರೊಂದಿದೆ. ಸಿ. ವಿ. ವಿಶ್ವೇಶ್ವರ. ಇಲ್ಲಿಯೇ ಹುಟ್ಟಿದವರು, ಜವಾಹರಲಾಲ್ ನೆಹರು ತಾರಾಲಯದ ಸ್ಥಾಪಕ ನಿರ್ದೇಶಕರು. ಕಪ್ಪುಕುಳಿಯನ್ನು ಕದಡಿದರೆ ಅದು ಬಡಿದ ಗಂಟೆಯಂತೆ ಕಂಪಿಸಿ, ಕ್ರಮೇಣ ಸುಮ್ಮನಾಗುತ್ತದೆ ಎಂದು 1970ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. 2015ರ ಸೆಪ್ಟೆಂಬರ್‌ನಲ್ಲಿ ಲೈಗೊ ಉಪಕರಣ ಎರಡು ಕಪ್ಪುಕುಳಿಗಳು ಒಂದಾದ ಅಲೆಯನ್ನು ಹಿಡಿದಾಗ, ಅದರ ಕೊನೆಯ ಭಾಗ ಅವರು ಹೇಳಿದ ರೀತಿಯಲ್ಲೇ ಇತ್ತು. 2017ರ ಜನವರಿಯಲ್ಲಿ ಅವರು ತೀರಿಕೊಂಡರು. ಆ ಸಂಚಿಕೆ ಬಂದದ್ದು ಐದು ತಿಂಗಳ ನಂತರ.

‘ಇದೆಲ್ಲ ನಮ್ಮ ಪುರಾಣದಲ್ಲೇ ಇತ್ತು’

ಇದೂ ಬಹಳ ಸುತ್ತುವ ಫಾರ್ವರ್ಡ್. ದೊಡ್ಡಮ್ಮನಿಗೆ ಈ ಕಥೆ ನನಗಿಂತ ಚೆನ್ನಾಗಿ ಗೊತ್ತು. ಭಾಗವತದಲ್ಲಿ ಕಕುದ್ಮಿ ಎಂಬ ರಾಜ ತನ್ನ ಮಗಳು ರೇವತಿಗೆ ಗಂಡು ಹುಡುಕಲು ಬ್ರಹ್ಮಲೋಕಕ್ಕೆ ಹೋಗುತ್ತಾನೆ. ಅಲ್ಲಿ ಸಂಗೀತ ನಡೆಯುತ್ತಿರುತ್ತದೆ, ಸ್ವಲ್ಪ ಹೊತ್ತು ಕಾಯುತ್ತಾನೆ. ಬ್ರಹ್ಮ ನಕ್ಕು, ನೀನು ಮನಸ್ಸಿನಲ್ಲಿಟ್ಟುಕೊಂಡ ವರರೆಲ್ಲ ಯಾವಾಗಲೋ ಸತ್ತುಹೋದರು, ಭೂಮಿಯಲ್ಲಿ 27 ಚತುರ್ಯುಗ ಕಳೆದಿದೆ ಅನ್ನುತ್ತಾನೆ. ಕೊನೆಗೆ ರೇವತಿ ಬಲರಾಮನನ್ನು ಮದುವೆಯಾಗುತ್ತಾಳೆ.

ಬೇರೆ ಬೇರೆ ಕಡೆ ಕಾಲ ಬೇರೆ ಬೇರೆ ವೇಗದಲ್ಲಿ ಸಾಗಬಹುದು ಎಂಬ ಕಲ್ಪನೆ ಇದರಲ್ಲಿ ಇದೆ, ಅನುಮಾನ ಬೇಡ. ಜಪಾನಿನಲ್ಲೂ ಉರಶಿಮ ಎಂಬ ಬೆಸ್ತನ ಕಥೆ ಇದೆ: ಕಡಲಾಳದ ಅರಮನೆಯಲ್ಲಿ ಕೆಲವು ದಿನ ಕಳೆದು ಬಂದವನಿಗೆ ಊರಿನಲ್ಲಿ ನೂರಾರು ವರ್ಷ ಕಳೆದಿರುತ್ತದೆ. ಆದರೆ ಏಕೆ ನಿಧಾನವಾಗುತ್ತದೆ, ಎಷ್ಟು ಎತ್ತರಕ್ಕೆ ಎಷ್ಟು ಎಂಬುದು ಈ ಕಥೆಗಳಲ್ಲಿಲ್ಲ. ಭಾಗವತ ಓದಿ ಜಿಪಿಎಸ್ ಗಡಿಯಾರವನ್ನು 38 ಮೈಕ್ರೊಸೆಕೆಂಡ್ ತಿದ್ದಲಾಗದು. ಹಾಗೆಯೇ ‘ಡಾಕ್ಟರ್ ಹೂ’ ನೋಡಿಯೂ ತಿದ್ದಲಾಗದು. ಎರಡನ್ನೂ ನಾನು ಕಥೆಯಾಗಿಯೇ ಇಷ್ಟಪಡುತ್ತೇನೆ.

ಹಿಂದಿನ ಕಾಲಕ್ಕೆ ಹೋಗಿಬಂದವರು ಇದ್ದಾರೆಯೇ?

ಮೇಲೆ ಹೇಳಿದ್ದೆಲ್ಲ ಮುಂದಕ್ಕೆ ಹೋಗುವ ಮಾತು. ಹಿಂದಕ್ಕೆ ಹೋಗಬಹುದು ಎಂಬುದಕ್ಕೆ ಒಂದೂ ಸಾಕ್ಷಿ ಇಲ್ಲ. ಸಾಕ್ಷಿ ಎಂದು ಸುತ್ತುವ ಫಾರ್ವರ್ಡ್‌ಗಳು ಮಾತ್ರ ಬೇಕಾದಷ್ಟು.

ಚಾಪ್ಲಿನ್‌ನ 1928ರ ‘ದ ಸರ್ಕಸ್’ ಚಿತ್ರದ ಪ್ರೀಮಿಯರ್ ದೃಶ್ಯದಲ್ಲಿ ಒಬ್ಬ ಹೆಂಗಸು ‘ಮೊಬೈಲಿನಲ್ಲಿ ಮಾತಾಡುತ್ತಾ’ ಹೋಗುತ್ತಾಳೆ ಎಂಬ ವಿಡಿಯೊ 2010ರಿಂದ ಸುತ್ತುತ್ತಿದೆ. ಕಿವಿಗೆ ಹಿಡಿದು ಬಳಸುವ ಶ್ರವಣ ಸಾಧನಗಳು ಆಗಲೇ ಮಾರುಕಟ್ಟೆಯಲ್ಲಿದ್ದವು, ಅದಿರಬಹುದು. ಟವರೇ ಇಲ್ಲದ ಕಾಲದಲ್ಲಿ ಮೊಬೈಲಿನ ಆ ಕಡೆ ಮಾತಾಡುತ್ತಿದ್ದವರು ಯಾರು ಎಂದು ಕೇಳಿದರೂ ಸಾಕು. 2256ನೇ ಇಸವಿಯಿಂದ ಬಂದು ಷೇರುಪೇಟೆಯಲ್ಲಿ ಕೋಟಿಗಟ್ಟಲೆ ಗೆದ್ದು ಸಿಕ್ಕಿಬಿದ್ದವನ ಸುದ್ದಿ 2003ರದ್ದು. ಅದನ್ನು ಮೊದಲು ಹಾಕಿದ್ದು ತಮಾಷೆಗೆಂದೇ ಕಟ್ಟುಕಥೆ ಅಚ್ಚು ಮಾಡುತ್ತಿದ್ದ ಅಮೆರಿಕದ ಪತ್ರಿಕೆ. 2020ರ ಲಾಕ್‌ಡೌನಿನಲ್ಲಿ ‘ಕಾಲ ಹಿಂದಕ್ಕೆ ಓಡುವ ಇನ್ನೊಂದು ವಿಶ್ವವನ್ನು ನಾಸಾ ಕಂಡುಹಿಡಿದಿದೆ’ ಎಂದು ಬಂದಿತ್ತಲ್ಲ? ನಾಸಾ ಅಂಥದ್ದೇನನ್ನೂ ಪ್ರಕಟಿಸಿರಲಿಲ್ಲ. ಅಂಟಾರ್ಕ್ಟಿಕಾದ ಮೇಲೆ ಬಲೂನಿನಲ್ಲಿ ತೇಲಿಬಿಟ್ಟ ಅನಿಟಾ ಎಂಬ ಉಪಕರಣ ಕೆಲವು ವಿಚಿತ್ರ ರೇಡಿಯೊ ಸಂಕೇತಗಳನ್ನು ಹಿಡಿದಿತ್ತು. ಅದಕ್ಕೆ ಹತ್ತು ಕಾರಣಗಳ ಚರ್ಚೆ ನಡೆದಾಗ, ಪತ್ರಿಕೆಗಳು ಎಲ್ಲಕ್ಕಿಂತ ರೋಚಕವಾದ ಹನ್ನೊಂದನೆಯದನ್ನು ಎತ್ತಿಕೊಂಡವು.

ಸ್ಟೀಫನ್ ಹಾಕಿಂಗ್ 2009ರ ಜೂನ್ 28ರಂದು ಕಾಲಯಾನಿಗಳಿಗೆಂದು ಒಂದು ಪಾರ್ಟಿ ಇಟ್ಟರು. ಆಮಂತ್ರಣವನ್ನು ಹೊರಗೆ ಬಿಟ್ಟದ್ದು ಪಾರ್ಟಿ ಮುಗಿದ ಮೇಲೆ. ಒಬ್ಬರೂ ಬಂದಿರಲಿಲ್ಲ. ಇದು ಪ್ರಯೋಗಕ್ಕಿಂತ ತಮಾಷೆಯೇ ಹೆಚ್ಚು. ಭೌತಶಾಸ್ತ್ರದ ಸಮೀಕರಣಗಳಲ್ಲಿ ಹಿಂದಕ್ಕೆ ಹೋಗುವ ಬಾಗಿಲು ಪೂರ್ತಿ ಮುಚ್ಚಿಲ್ಲ ಎಂದು ವಾದಿಸುವವರು ಇದ್ದಾರೆ; ಆದರೆ ಅದಕ್ಕೆ ಬೇಕಾದ ವಸ್ತುವನ್ನಾಗಲಿ ಶಕ್ತಿಯನ್ನಾಗಲಿ ಯಾರೂ ಕಂಡಿಲ್ಲ.

ಹಾಗಾದರೆ ‘ಇಸ್ರೇಲ್ ಆಮ್ಲಜನಕ’ ಏನು?

ಈಗ ದುಡ್ಡಿನ ವಿಷಯ. 2024ರ ಅಕ್ಟೋಬರ್‌ನಲ್ಲಿ ಉತ್ತರ ಪ್ರದೇಶದ ಕಾನ್ಪುರದಿಂದ ಒಂದು ಸುದ್ದಿ ಬಂತು. ಇಸ್ರೇಲ್‌ನಿಂದ ತಂದ ‘ಟೈಮ್ ಮಷೀನ್’ನಲ್ಲಿ ಆಮ್ಲಜನಕ ಚಿಕಿತ್ಸೆ ಕೊಟ್ಟು 60ರವರನ್ನು 25ರವರನ್ನಾಗಿ ಮಾಡುತ್ತೇವೆ ಎಂದು ದಂಪತಿಯೊಬ್ಬರು ಜನರಿಂದ ಹಣ ಪಡೆದು ಮೋಸ ಮಾಡಿದರು ಎಂಬ ದೂರು ದಾಖಲಾಯಿತು. ಒಟ್ಟು ಮೊತ್ತ ಸುಮಾರು 35 ಕೋಟಿ ರೂಪಾಯಿ ಎಂದು ಆರೋಪ. ಹೊಸಬರನ್ನು ಕರೆತಂದರೆ ರಿಯಾಯಿತಿ ಎಂಬ ಸರಪಳಿ ಲೆಕ್ಕವೂ ಇತ್ತು. ದೊಡ್ಡಮ್ಮನಿಗೆ ಬಂದ ವಿಡಿಯೊದ ಮಾತುಗಳು ಹೆಚ್ಚುಕಡಿಮೆ ಇವೇ. ಯಾರೋ ಹಳೆಯ ಮೋಸಕ್ಕೆ ಕನ್ನಡದ ಧ್ವನಿ ಕೊಟ್ಟಿದ್ದಾರೆ.

ಇಸ್ರೇಲ್ ಎಂಬ ಹೆಸರಿಗೆ ಆಧಾರ ಇರುವುದು ಬಹುಶಃ 2020ರ ನವೆಂಬರ್‌ನ ಒಂದು ಅಧ್ಯಯನದಲ್ಲಿ. 64 ದಾಟಿದ 35 ಆರೋಗ್ಯವಂತರನ್ನು ಮೂರು ತಿಂಗಳಲ್ಲಿ 60 ಸಲ, ಹೊರಗಿನ ಎರಡರಷ್ಟು ಒತ್ತಡ ಇರುವ ಕೋಣೆಯಲ್ಲಿ ಕೂರಿಸಿ ಶುದ್ಧ ಆಮ್ಲಜನಕ ಉಸಿರಾಡಿಸಿದರು. ಅವರ ರಕ್ತದ ಕೆಲವು ಬಿಳಿಕಣಗಳಲ್ಲಿ ಟೆಲೊಮಿಯರ್ ಎಂಬ ಭಾಗ ಸರಾಸರಿ ಶೇ. 20ಕ್ಕಿಂತ ಹೆಚ್ಚು ಉದ್ದವಾಗಿತ್ತು. ಹಗ್ಗದ ತುದಿ ಬಿಚ್ಚಿಕೊಳ್ಳದಂತೆ ಗಂಟು ಹಾಕುತ್ತೇವಲ್ಲ, ವಂಶವಾಹಿ ಎಳೆಗಳ ತುದಿಯಲ್ಲಿರುವ ಅಂಥದ್ದೇ ಗಂಟು ಟೆಲೊಮಿಯರ್. ವಯಸ್ಸಾದಂತೆ ಇದು ಚಿಕ್ಕದಾಗುತ್ತಾ ಹೋಗುತ್ತದೆ.

ಪತ್ರಿಕೆಗಳು ‘ಮುಪ್ಪು ಹಿಂದಕ್ಕೆ’ ಎಂದು ಬರೆದವು. ಬರೆಯದೆ ಬಿಟ್ಟದ್ದು ಇಷ್ಟು: ಆಮ್ಲಜನಕ ಪಡೆಯದವರ ಗುಂಪನ್ನು ಪಕ್ಕದಲ್ಲಿಟ್ಟು ಹೋಲಿಸಿರಲಿಲ್ಲ. ಅಳೆದದ್ದು ರಕ್ತಕಣಗಳನ್ನು ಮಾತ್ರ. ಯಾರ ಮಂಡಿಯೂ, ಮುಖವೂ, ಹೃದಯವೂ ಚಿಕ್ಕ ವಯಸ್ಸಿನದಾಯಿತು ಎಂದು ಅಧ್ಯಯನ ಹೇಳಲಿಲ್ಲ. ಕೆಲವು ಲೇಖಕರಿಗೆ ಇದೇ ಚಿಕಿತ್ಸೆ ಮಾರುವ ಕಂಪನಿಯೊಂದಿಗೆ ಸಂಬಂಧವೂ ಇತ್ತು.

ಒತ್ತಡದ ಆಮ್ಲಜನಕ ಸುಳ್ಳು ಚಿಕಿತ್ಸೆಯಲ್ಲ. ಕಡಲಾಳದಿಂದ ಬೇಗ ಮೇಲೆ ಬಂದ ಮುಳುಗುಗಾರರಿಗೆ, ಕಾರ್ಬನ್ ಮೊನಾಕ್ಸೈಡ್ ವಿಷವೇರಿದವರಿಗೆ, ಸಕ್ಕರೆ ಕಾಯಿಲೆಯಿಂದ ಕಾಲಿನಲ್ಲಿ ಮಾಯದ ಗಾಯ ಆದವರಲ್ಲಿ ಕೆಲವರಿಗೆ ವೈದ್ಯರು ಇದನ್ನು ಕೊಡುತ್ತಾರೆ. ಕಿವಿಯ ತಮಟೆಗೆ ಪೆಟ್ಟಾಗುವ, ಅಪರೂಪಕ್ಕೆ ಫಿಟ್ಸ್ ಬರುವ ಅಪಾಯವಿದೆ. ಆಮ್ಲಜನಕ ತುಂಬಿದ ಕೋಣೆಯಲ್ಲಿ ಒಂದು ಕಿಡಿ ಸಾಕು ಬೆಂಕಿಗೆ. ಮಂಡಿಸವೆತಕ್ಕೆ ಇದು ಮದ್ದಲ್ಲ. ದೊಡ್ಡಮ್ಮನನ್ನು ಮೂಳೆ ಡಾಕ್ಟರ ಬಳಿ ಕರೆದುಕೊಂಡು ಹೋದಾಗ ಅವರು ಬರೆದುಕೊಟ್ಟದ್ದು ತೊಡೆಯ ಸ್ನಾಯು ಗಟ್ಟಿ ಮಾಡುವ ನಾಲ್ಕು ವ್ಯಾಯಾಮ, ತೂಕ ಇಳಿಸುವ ಸಲಹೆ.

ಇನ್ನು ನಮ್ಮ ಧಾರಾವಾಹಿಯ ಡಾಕ್ಟರ್ ಸಾಯುವಾಗ ಹೊಸ ದೇಹ ಪಡೆಯುತ್ತಾನಲ್ಲ? ಅದು ಹುಟ್ಟಿದ್ದು ಒಬ್ಬ ನಟನ ಅನಾರೋಗ್ಯದಿಂದ. ಮೊದಲ ಡಾಕ್ಟರ್ ಆಗಿದ್ದ ವಿಲಿಯಂ ಹಾರ್ಟ್‌ನೆಲ್‌ಗೆ ಡೈಲಾಗು ನೆನಪಿಟ್ಟುಕೊಳ್ಳುವುದೇ ಕಷ್ಟವಾಗುತ್ತಿತ್ತು. ಧಾರಾವಾಹಿ ನಿಲ್ಲಿಸುವ ಬದಲು, 1966ರ ಅಕ್ಟೋಬರ್ 29ರ ಸಂಚಿಕೆಯ ಕೊನೆಗೆ ಅವರು ನೆಲಕ್ಕೆ ಕುಸಿದು ಪ್ಯಾಟ್ರಿಕ್ ಟ್ರೌಟನ್ ಆಗಿ ಬದಲಾಗುವಂತೆ ತೋರಿಸಿದರು. ಆಮೇಲೆ ಕಥೆಗಾರರೇ ಅದಕ್ಕೊಂದು ಮಿತಿಯನ್ನೂ ಹಾಕಿದರು, 1976ರಲ್ಲಿ: ಹನ್ನೆರಡು ಸಲ, ಅಷ್ಟೇ. (2013ರಲ್ಲಿ ಮಿತಿ ಮುಗಿದಾಗ ಇನ್ನೊಂದು ಸುತ್ತು ಕೊಟ್ಟುಕೊಂಡರು, ಅದು ಬೇರೆ ಮಾತು.) ನಿಜ ಜೀವನದಲ್ಲಿ ಹಾರ್ಟ್‌ನೆಲ್ 1975ರಲ್ಲಿ, 67ನೇ ವಯಸ್ಸಿನಲ್ಲಿ ತೀರಿಕೊಂಡರು.

ದುಡ್ಡು ಕಳಿಸಿಬಿಟ್ಟಿದ್ದರೆ

ತಡ ಮಾಡದೆ 1930ಕ್ಕೆ ಫೋನ್ ಮಾಡಿ. ಇದು ಸೈಬರ್ ವಂಚನೆಗೆ ಇರುವ ರಾಷ್ಟ್ರೀಯ ಸಹಾಯವಾಣಿ. ವಹಿವಾಟಿನ ನಂಬರ್, ಸಮಯ, ಹಣ ಹೋದ ಖಾತೆ ಅಥವಾ ಯುಪಿಐ ಐಡಿ ಕೈಯಲ್ಲಿರಲಿ. ಬ್ಯಾಂಕಿಗೂ ತಿಳಿಸಿ. ಹಣ ವಂಚಕರ ಖಾತೆಯಿಂದ ಮುಂದಕ್ಕೆ ಜಾರುವ ಮೊದಲೇ ತಡೆಯಲು ಮೊದಲ ಕೆಲವು ಗಂಟೆಗಳು ಮುಖ್ಯ. ವಿಡಿಯೊ, ಚಾಟ್ ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದಿಡಿ. ‘ನಿಮ್ಮ ದುಡ್ಡು ವಾಪಸ್ ಕೊಡಿಸುತ್ತೇವೆ, ಸ್ವಲ್ಪ ಶುಲ್ಕ ಕಟ್ಟಿ’ ಎಂದು ಆಮೇಲೆ ಬರುವ ಫೋನ್ ಕೂಡ ಮೋಸವೇ. ದೊಡ್ಡಮ್ಮನಿಗೆ ನಾಲ್ಕನೇ ದಿನಕ್ಕೆ ಬಂತು. ನಾವು ದೂರು ಕೊಟ್ಟದ್ದು ಎರಡು ದಿನ ಕಳೆದ ಮೇಲೆ. ಮೂರು ಸಾವಿರ ಇನ್ನೂ ಬಂದಿಲ್ಲ. ಚೀಟಿ ಎತ್ತಲಿಲ್ಲ.

ನೋಡುವ ಆಸೆಯಿದ್ದರೆ ಎಲ್ಲಿಂದ ಶುರು?

1963ರಿಂದ ಶುರು ಮಾಡಬೇಡಿ, ಅರ್ಧಕ್ಕೇ ಬಿಡುತ್ತೀರಿ. 2007ರ ‘ಬ್ಲಿಂಕ್’ ಒಂದೇ ಸಂಚಿಕೆಯಲ್ಲಿ ಮುಗಿಯುವ ಕಥೆ: ನೀವು ನೋಡದಿದ್ದಾಗ ಮಾತ್ರ ಚಲಿಸುವ ಕಲ್ಲಿನ ಪ್ರತಿಮೆಗಳು. ಮಕ್ಕಳೊಂದಿಗೆ ರಾತ್ರಿ ನೋಡಬೇಡಿ. 2010ರ ‘ವಿನ್ಸೆಂಟ್ ಆ್ಯಂಡ್ ದ ಡಾಕ್ಟರ್’ ಚಿತ್ರಕಾರ ವಾನ್ ಗೋ ಕುರಿತದ್ದು. ಟೈಮ್ ಮಷೀನ್ ಇದ್ದರೂ ಎಲ್ಲರನ್ನೂ ಉಳಿಸಲಾಗದು ಎಂಬುದನ್ನು ಇಷ್ಟು ಮೆತ್ತಗೆ ಹೇಳಿದ ಇನ್ನೊಂದು ಸಂಚಿಕೆ ನನಗೆ ಗೊತ್ತಿಲ್ಲ.

ದೊಡ್ಡಮ್ಮನಿಗೆ ನಾನು ಹಾಕಿಕೊಟ್ಟದ್ದು 2018ರ ನವೆಂಬರ್ 11ರಂದು ಬಂದ ‘ಡೀಮನ್ಸ್ ಆಫ್ ದ ಪಂಜಾಬ್’. ಬರೆದವರು ವಿನಯ್ ಪಟೇಲ್. 1947ರ ಆಗಸ್ಟ್, ದೇಶ ಒಡೆಯುವ ಹೊತ್ತು, ಗಡಿಯ ಮೇಲೊಂದು ಮದುವೆ, ಎರಡು ಮನಸ್ಸಿನ ಅಣ್ಣತಮ್ಮ, ಒಡೆದು ನಿಂತುಹೋದ ಒಂದು ಕೈಗಡಿಯಾರ. ಇಂಗ್ಲಿಷನ್ನು ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. ನೀಲಿ ಪೆಟ್ಟಿಗೆ ಬಂದಾಗ “ಇದೇ ಅಲ್ವೇನೇ ಮೂರು ಸಾವಿರದ್ದು” ಅಂದರು. ಅರ್ಧಕ್ಕೆ ಅವರ ಮಾಮೂಲಿ ಧಾರಾವಾಹಿಯ ಹೊತ್ತಾಯಿತು. ಉಳಿದರ್ಧ ಬರುವ ಭಾನುವಾರ, ನಾನೇ ಕೆಳಗೆ ಹೋಗುವುದೆಂದು ಮಾತಾಗಿದೆ.